ಸಿಂಗಲ್ ಪ್ಲೇಟ್ ಕ್ಲಚ್, ಮಲ್ಟಿ ಪ್ಲೇಟ್ ಕ್ಲಚ್: ಥಾಣೆ, ಕಲ್ಯಾಣ್ ಟ್ರಾಫಿಕ್‌ನಲ್ಲಿ ಯಾವುದು ಬಾಳಿಕೆ? ವ್ಯತ್ಯಾಸ ತಿಳಿಯಿರಿ

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಗಾಯ್‌ಮುಖ್ ಘಾಟ್ ಏರುವಾಗ ಮುಂದಿನ ಟ್ರಕ್ ನಿಂತಿತೆಂದರೆ ಹಿಂದಿನ ಪ್ರತಿ ಕಾರಿನ ಚಾಲಕನ ಎಡಗಾಲಿಗೂ ಕೆಲಸ ಶುರು. ಕ್ಲಚ್ ಒತ್ತು, ಅರ್ಧ ಬಿಡು, ನಾಲ್ಕು ಅಡಿ ಮುಂದೆ ಹೋಗು, ಮತ್ತೆ ಒತ್ತು. ಡೊಂಬಿವಲಿಯವರಿಗೆ ಕಲ್ಯಾಣ್–ಶೀಳ್ ರಸ್ತೆಯಲ್ಲಿ ಇದೇ ಅನುಭವ. ಮೆಟ್ರೋ ಕಾಮಗಾರಿಯಿಂದ ಕಿರಿದಾದ ರಸ್ತೆಗಳಲ್ಲಿ ಕಾರು ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಇಂಥ ಓಡಾಟದಲ್ಲಿ ಕ್ಲಚ್ ಪ್ಲೇಟ್ ಬೇಗ ಸವೆದು ಗ್ಯಾರೇಜ್ ಬಿಲ್ ಕೈಗೆ ಬಂದಾಗ ಅನೇಕರು ಕೇಳುವ ಪ್ರಶ್ನೆ ಒಂದೇ: "ಬೈಕ್‌ಗೆ, ಆಟೋಗೆ ಮಲ್ಟಿ ಪ್ಲೇಟ್ ಕ್ಲಚ್ ಇರುತ್ತದಂತೆ. ಕಾರಿಗೆ ಮಾತ್ರ ಒಂದೇ ಪ್ಲೇಟ್ ಯಾಕೆ? ಹೆಚ್ಚು ಪ್ಲೇಟ್ ಇದ್ದರೆ ಹೆಚ್ಚು ಬಾಳಿಕೆ ಅಲ್ಲವೇ?"

ಚುಟುಕಾಗಿ ಹೇಳುವುದಾದರೆ, ಅಲ್ಲ. ಎಷ್ಟು ಜಾಗದಲ್ಲಿ ಎಷ್ಟು ಶಕ್ತಿ ದಾಟಿಸಬಹುದು ಎಂಬುದನ್ನು ಪ್ಲೇಟ್‌ಗಳ ಸಂಖ್ಯೆ ತೀರ್ಮಾನಿಸುತ್ತದೆ. ಬಾಳಿಕೆಯನ್ನು ತೀರ್ಮಾನಿಸುವುದು ಶಾಖ. ಕ್ಲಚ್‌ನಲ್ಲಿ ಎಷ್ಟು ಶಾಖ ಹುಟ್ಟುತ್ತದೆ, ಆ ಶಾಖ ಹೊರಹೋಗಲು ದಾರಿ ಇದೆಯೇ ಎಂಬುದೇ ಮುಖ್ಯ. ಮೊದಲನೆಯದು ಬಹುಪಾಲು ಚಾಲಕನ ಕಾಲಿನಲ್ಲಿದೆ, ಎರಡನೆಯದು ಕಾರಿನ ವಿನ್ಯಾಸದಲ್ಲಿದೆ. ಹೇಗೆ ಎಂಬುದನ್ನು ನೋಡೋಣ.

ಕ್ಲಚ್ ಮಾಡುವ ಕೆಲಸ ಏನು?

ಎಂಜಿನ್ ನಿಂತಲ್ಲೇ ನಿಧಾನವಾಗಿ ತಿರುಗುತ್ತಿದ್ದರೂ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ನಿಂತ ಕಾರಿನ ಚಕ್ರದ ಸುತ್ತು ಸೊನ್ನೆ. ಈ ಎರಡನ್ನೂ ನೇರವಾಗಿ ಜೋಡಿಸಿದರೆ ಎಂಜಿನ್ ಆಫ್ ಆಗುತ್ತದೆ. ತಿರುಗುವ ಎಂಜಿನ್‌ಗೂ ನಿಂತ ಗೇರ್‌ಬಾಕ್ಸ್‌ಗೂ ನಡುವೆ ನಿಧಾನವಾಗಿ ಸಂಬಂಧ ಬೆಳೆಸುವುದೇ ಕ್ಲಚ್‌ನ ಕೆಲಸ. ಘರ್ಷಣೆಯ ಎರಡು ಮೇಲ್ಮೈಗಳು ಮೊದಲು ಜಾರುತ್ತಾ ಉಜ್ಜಿಕೊಳ್ಳುತ್ತವೆ, ಬಳಿಕ ಒಂದಾಗಿ ತಿರುಗುತ್ತವೆ. ಪೆಡಲ್ ಪೂರ್ತಿ ಬಿಟ್ಟಾಗ ಜಾರುವಿಕೆ ಇಲ್ಲ, ಸವೆತವೂ ಇಲ್ಲ. ಪೂರ್ತಿ ಒತ್ತಿದಾಗ ಪ್ಲೇಟ್ ಸವೆಯುವುದಿಲ್ಲ, ರಿಲೀಸ್ ಬೇರಿಂಗ್ ಮೇಲೆ ಮಾತ್ರ ಹೊರೆ. ಪ್ಲೇಟ್ ಸವೆಯುವುದು ನಡುವಿನ ಆ ಅರ್ಧ ಸ್ಥಿತಿಯಲ್ಲಿ, ಅಂದರೆ ನಾವು 'ಹಾಫ್ ಕ್ಲಚ್' ಎನ್ನುವ ಜಾಗದಲ್ಲಿ.

ಸಿಂಗಲ್ ಪ್ಲೇಟ್ ಹೇಗಿರುತ್ತದೆ?

ಮ್ಯಾನುವಲ್ ಗೇರ್ ಇರುವ ಬಹುತೇಕ ಎಲ್ಲ ಕಾರುಗಳಲ್ಲೂ ಇರುವುದು ಸಿಂಗಲ್ ಪ್ಲೇಟ್ ಡ್ರೈ ಕ್ಲಚ್. ಒಂದೇ ಪ್ಲೇಟ್, ಅದರ ಎರಡೂ ಬದಿಗೆ ಘರ್ಷಣೆಯ ಲೈನಿಂಗ್. ಒಂದು ಬದಿಗೆ ಎಂಜಿನ್‌ನ ಫ್ಲೈವೀಲ್, ಇನ್ನೊಂದು ಬದಿಗೆ ಪ್ರೆಷರ್ ಪ್ಲೇಟ್. ಎರಡರ ನಡುವೆ ಕ್ಲಚ್ ಪ್ಲೇಟನ್ನು ಡಯಾಫ್ರಮ್ ಸ್ಪ್ರಿಂಗ್ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಸಾಮಾನ್ಯ ಕಾರುಗಳಲ್ಲಿ ಈ ಪ್ಲೇಟ್‌ನ ಅಗಲ ಸುಮಾರು 180ರಿಂದ 240 ಮಿ.ಮೀ., ಅಂದರೆ ಊಟದ ತಟ್ಟೆಯಷ್ಟು. ಇಲ್ಲಿ ಎಣ್ಣೆಯ ಹನಿಯೂ ಇರಬಾರದು. ಅದಕ್ಕೇ 'ಡ್ರೈ' ಎಂಬ ಹೆಸರು.

ಈ ವಿನ್ಯಾಸ ಹೊಸದೇನಲ್ಲ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯಲ್ಲಿ ಇದ್ದದ್ದೂ ಒಂದೇ ಪ್ಲೇಟ್. 1990ರ ದಶಕದಲ್ಲಿ ಕಲ್ಯಾಣ್ ಕಾರ್ಖಾನೆಯಿಂದ ಹೊರಬಂದ ಪ್ಯೂಜೊ 309 ಕಾರಿನಲ್ಲೂ ಅಷ್ಟೇ. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಈರುಳ್ಳಿ ಹೊತ್ತು ಬರುವ ಟ್ರಕ್‌ಗಳಲ್ಲೂ ಸಾಮಾನ್ಯವಾಗಿ ಒಂದೇ ಪ್ಲೇಟ್ ಇರುತ್ತದೆ. ಆದರೆ ಅದರ ಅಗಲ 400 ಮಿ.ಮೀ. ದಾಟುವುದೂ ಉಂಟು. ಹೆಚ್ಚು ಶಕ್ತಿ ಬೇಕಾದಾಗ ಪ್ಲೇಟ್ ದೊಡ್ಡದು ಮಾಡಿದರಾಯಿತು, ಲಾರಿಯಲ್ಲಿ ಜಾಗಕ್ಕೇನೂ ಕೊರತೆ ಇಲ್ಲ.

ಮಲ್ಟಿ ಪ್ಲೇಟ್ ಯಾಕೆ ಬಂತು?

ಬೈಕ್‌ನಲ್ಲಿ ಆ ಜಾಗವಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ. ಊಟದ ತಟ್ಟೆಯಷ್ಟು ಅಗಲದ ಪ್ಲೇಟ್ ಕೂರಿಸಲು ಹೋದರೆ ಅದು ಸವಾರನ ಕಾಲಿಗೆ ತಾಗುತ್ತದೆ. ಹಾಗಾಗಿ ಸಣ್ಣ ಪ್ಲೇಟ್‌ಗಳನ್ನು ದೋಸೆ ಪೇರಿಸಿದಂತೆ ಒಂದರ ಮೇಲೊಂದು ಇಡುತ್ತಾರೆ. ಒಂದು ಘರ್ಷಣೆಯ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಮತ್ತೆ ಒಂದು ಘರ್ಷಣೆಯ ಪ್ಲೇಟ್. ಇವೆಲ್ಲ ಎಂಜಿನ್ ಆಯಿಲ್‌ನಲ್ಲಿ ನೆನೆದಿರುತ್ತವೆ. ಇದೇ 'ವೆಟ್ ಮಲ್ಟಿ ಪ್ಲೇಟ್' ಕ್ಲಚ್. ಡೊಂಬಿವಲಿ, ಕಲ್ಯಾಣ್ ಸ್ಟೇಷನ್‌ಗಳ ಹೊರಗೆ ಸಾಲುಗಟ್ಟಿ ನಿಲ್ಲುವ ಬಜಾಜ್ ಆರ್‌ಇ ಆಟೋರಿಕ್ಷಾಗಳಲ್ಲೂ ಇದೇ ಬಗೆಯದು.

ಗೇರ್ ಇಲ್ಲದ ಸ್ಕೂಟರ್‌ಗಳ ಕಥೆ ಬೇರೆ. ಆಕ್ಟಿವಾದಂಥ ಸ್ಕೂಟರ್‌ನಲ್ಲಿ ಎಂಜಿನ್ ವೇಗ ಹೆಚ್ಚಿದಾಗ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಡ್ರೈ ಕ್ಲಚ್ ಇರುತ್ತದೆ.

ಲೆಕ್ಕ ಹೀಗಿದೆ

ಕ್ಲಚ್ ಎಷ್ಟು ಟಾರ್ಕ್ ದಾಟಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಾಕಾರ: ಘರ್ಷಣೆಯ ಮೇಲ್ಮೈಗಳ ಸಂಖ್ಯೆ, ಘರ್ಷಣೆಯ ಗುಣಾಂಕ, ಸ್ಪ್ರಿಂಗ್ ಒತ್ತುವ ಬಲ ಮತ್ತು ಪ್ಲೇಟ್‌ನ ಸರಾಸರಿ ತ್ರಿಜ್ಯ.

ಒಂದು ಸಣ್ಣ ಪೆಟ್ರೋಲ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಂದು ಪ್ಲೇಟ್‌ಗೆ ಎರಡು ಮೇಲ್ಮೈ. ಒಣ ಲೈನಿಂಗ್‌ನ ಘರ್ಷಣಾ ಗುಣಾಂಕ ಸುಮಾರು 0.3. ಸ್ಪ್ರಿಂಗ್ ಬಲ 4,000 ನ್ಯೂಟನ್, ಸರಾಸರಿ ತ್ರಿಜ್ಯ 80 ಮಿ.ಮೀ. ಎಂದಿಟ್ಟುಕೊಂಡರೆ ಉತ್ತರ 192 ನ್ಯೂಟನ್ ಮೀಟರ್. 1.2 ಲೀಟರ್ ಎಂಜಿನ್ ಕೊಡುವುದು ಸುಮಾರು 110 ನ್ಯೂಟನ್ ಮೀಟರ್. ಅಂದರೆ ಬೇಕಾದುದಕ್ಕಿಂತ ಒಂದೂಮುಕ್ಕಾಲು ಪಟ್ಟು ಸಾಮರ್ಥ್ಯ ಒಂದೇ ಪ್ಲೇಟ್‌ನಲ್ಲಿ ಸಿಕ್ಕಿತು.

ಈಗ 150 ಸಿಸಿ ಬೈಕ್. ಎಣ್ಣೆಯಲ್ಲಿ ನೆನೆದ ಪ್ಲೇಟ್‌ನ ಘರ್ಷಣಾ ಗುಣಾಂಕ 0.1ರ ಆಸುಪಾಸಿಗೆ ಇಳಿಯುತ್ತದೆ. ತ್ರಿಜ್ಯ 50 ಮಿ.ಮೀ., ಕೈಬೆರಳಿನಿಂದ ಎಳೆಯಬೇಕಾದ್ದರಿಂದ ಸ್ಪ್ರಿಂಗ್ ಬಲ 1,000 ನ್ಯೂಟನ್ ಎಂದುಕೊಳ್ಳೋಣ. ಎರಡೇ ಮೇಲ್ಮೈ ಇದ್ದರೆ ಬರೀ 10 ನ್ಯೂಟನ್ ಮೀಟರ್, ಅದು ಸಾಲದು. ಐದು ಘರ್ಷಣೆಯ ಪ್ಲೇಟ್ ಹಾಕಿ ಮೇಲ್ಮೈಗಳನ್ನು ಹತ್ತಕ್ಕೆ ಏರಿಸಿದರೆ 50 ನ್ಯೂಟನ್ ಮೀಟರ್ ಸಿಗುತ್ತದೆ, ಕೆಲಸ ಆಯಿತು.

ಗಮನಿಸಿ: ಐದು ಪ್ಲೇಟ್ ಇರುವ ಬೈಕ್ ಕ್ಲಚ್, ಒಂದೇ ಪ್ಲೇಟ್ ಇರುವ ಕಾರಿನ ಕ್ಲಚ್‌ನ ಕಾಲು ಭಾಗದಷ್ಟು ಟಾರ್ಕ್ ಮಾತ್ರ ದಾಟಿಸುತ್ತಿದೆ. ಪ್ಲೇಟ್ ಹೆಚ್ಚಿದ್ದರೆ ಕ್ಲಚ್ ಗಟ್ಟಿ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ಜಾಗ ಕಡಿಮೆ, ಎಣ್ಣೆಯಿಂದ ಹಿಡಿತವೂ ಕಡಿಮೆ. ಆ ಕೊರತೆ ತುಂಬಲು ಪ್ಲೇಟ್ ಹೆಚ್ಚು.

ಹಾಗಾದರೆ ಎಣ್ಣೆಯ ಲಾಭ ಏನು?

ಲಾಭ ಇದೆ, ಅದು ಶಾಖದಲ್ಲಿ. ಡ್ರೈ ಕ್ಲಚ್‌ನಲ್ಲಿ ಹುಟ್ಟಿದ ಶಾಖವನ್ನು ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್‌ಗಳ ಕಬ್ಬಿಣವೇ ಮೊದಲು ನುಂಗಬೇಕು. ಬಳಿಕ ಗಾಳಿಗೆ ನಿಧಾನವಾಗಿ ಬಿಡಬೇಕು. ಟ್ರಾಫಿಕ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಕಾರು ಎತ್ತಿದರೆ ತಣಿಯಲು ಸಮಯವೇ ಸಿಗುವುದಿಲ್ಲ. ವೆಟ್ ಕ್ಲಚ್‌ನಲ್ಲಿ ಹರಿಯುವ ಎಣ್ಣೆ ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಪದೇಪದೇ ನಿಂತು ಹೊರಡುವ ಓಡಾಟವನ್ನು ಅದು ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ.

ಇಷ್ಟಿದ್ದರೂ ಮ್ಯಾನುವಲ್ ಕಾರಿಗೆ ವೆಟ್ ಮಲ್ಟಿ ಪ್ಲೇಟ್ ಯಾಕೆ ಹಾಕುವುದಿಲ್ಲ? ಪ್ಲೇಟ್‌ಗಳ ನಡುವೆ ಎಣ್ಣೆ ಇದ್ದರೆ ಕ್ಲಚ್ ಒತ್ತಿದಾಗಲೂ ಅವು ಪೂರ್ತಿ ಬೇರ್ಪಡುವುದಿಲ್ಲ, ಸ್ವಲ್ಪ ಎಳೆಯುತ್ತಲೇ ಇರುತ್ತವೆ. ಬೆಳಗ್ಗೆ ಬೈಕ್ ಚಾಲೂ ಮಾಡಿ ಫಸ್ಟ್ ಗೇರ್ ಹಾಕಿದಾಗ 'ಟಕ್' ಎಂದು ಸದ್ದಾಗಿ ಬೈಕ್ ಸಣ್ಣಗೆ ಜಗ್ಗುವುದು ಇದರಿಂದಲೇ. ಕಾರಿನಲ್ಲಿ ಈ ಎಳೆತ ಇದ್ದರೆ ಗೇರ್ ಹಾಕುವುದು ಕಷ್ಟ, ಇಂಧನವೂ ವ್ಯರ್ಥ. ಜತೆಗೆ ಎಣ್ಣೆಯ ವ್ಯವಸ್ಥೆ, ಸೀಲ್‌ಗಳು ಎಲ್ಲದಕ್ಕೂ ಖರ್ಚು. ಒಂದು ಒಣ ಪ್ಲೇಟ್ ಸಾಕಾಗುವ ಕಡೆ ಇಷ್ಟೆಲ್ಲ ಬೇಕಿಲ್ಲ.

ಮಲ್ಟಿ ಪ್ಲೇಟ್ ಇರುವ ಕಾರುಗಳೂ ಇವೆ

ಫಾರ್ಮುಲಾ 1 ಕಾರುಗಳಲ್ಲಿ ಕಾರ್ಬನ್‌ನಿಂದ ಮಾಡಿದ ಪುಟ್ಟ ಮಲ್ಟಿ ಪ್ಲೇಟ್ ಕ್ಲಚ್ ಇರುತ್ತದೆ. ಅಲ್ಲಿ ಬೇಕಾದದ್ದು ಕಡಿಮೆ ತೂಕ, ಕಡಿಮೆ ಜಾಗ, ಹೆಚ್ಚು ಟಾರ್ಕ್. ಟಾರ್ಕ್ ಕನ್ವರ್ಟರ್ ಇರುವ ಸಾಮಾನ್ಯ ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ಒಳಗೂ ಎಣ್ಣೆಯಲ್ಲಿ ಮುಳುಗಿದ ಹಲವು ಮಲ್ಟಿ ಪ್ಲೇಟ್ ಕ್ಲಚ್‌ಗಳಿರುತ್ತವೆ. ಆದರೆ ನಿಂತ ಕಾರನ್ನು ಎತ್ತುವ ಹೊರೆ ಅಲ್ಲಿ ಮುಖ್ಯವಾಗಿ ಟಾರ್ಕ್ ಕನ್ವರ್ಟರ್‌ನ ಎಣ್ಣೆಯ ಮೇಲೆ ಬೀಳುತ್ತದೆ. ಜಾಮ್‌ನಲ್ಲಿ ಈ ಬಗೆಯ ಗೇರ್‌ಬಾಕ್ಸ್ ನಿರಾಳವಾಗಿರಲು ಇದೇ ಕಾರಣ.

ಹೊಸ ಕಾರು ಕೊಳ್ಳುವವರಿಗೆ ನಿಜವಾದ ಗೊಂದಲ ಇರುವುದು ಡ್ಯುಯಲ್ ಕ್ಲಚ್, ಅಂದರೆ ಡಿಸಿಟಿ ವಿಷಯದಲ್ಲಿ. ಡ್ಯುಯಲ್ ಕ್ಲಚ್ ಎಂದರೆ ಮಲ್ಟಿ ಪ್ಲೇಟ್ ಎಂದಲ್ಲ. ಬೆಸ ಸಂಖ್ಯೆಯ ಗೇರ್‌ಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯ ಗೇರ್‌ಗಳಿಗೆ ಇನ್ನೊಂದು ಎಂದಷ್ಟೇ ಅರ್ಥ. ಆ ಎರಡೂ ಒಣ ಪ್ಲೇಟ್ ಆಗಿರಬಹುದು, ಎಣ್ಣೆಯೊಳಗಿನ ಮಲ್ಟಿ ಪ್ಲೇಟ್ ಆಗಿರಬಹುದು.

ಫೋಕ್ಸ್‌ವ್ಯಾಗನ್ ಎರಡನ್ನೂ ಮಾಡಿದೆ. 2003ರಲ್ಲಿ ಬಂದ 6 ಸ್ಪೀಡ್ ಡಿಎಸ್‌ಜಿಯಲ್ಲಿ ವೆಟ್ ಮಲ್ಟಿ ಪ್ಲೇಟ್ ಕ್ಲಚ್ ಇತ್ತು, ಅದಕ್ಕೆ 6.5 ಲೀಟರ್ ಎಣ್ಣೆ ಬೇಕಿತ್ತು. 2008ರ 7 ಸ್ಪೀಡ್ ಡಿಎಸ್‌ಜಿಯಲ್ಲಿ ಎರಡು ಒಣ ಪ್ಲೇಟ್ ಬಂದು ಎಣ್ಣೆ 1.7 ಲೀಟರ್‌ಗೆ ಇಳಿಯಿತು. ಇಂಧನ ಉಳಿತಾಯ ಹೆಚ್ಚಿತು, ಆದರೆ ದಾಟಿಸಬಲ್ಲ ಟಾರ್ಕ್‌ನ ಮಿತಿ 350ರಿಂದ 250 ನ್ಯೂಟನ್ ಮೀಟರ್‌ಗೆ ಇಳಿಯಿತು. ಭಾರತದಲ್ಲಿ ಹುಂಡೈ ಕ್ರೆಟಾದ ಟರ್ಬೊ ಪೆಟ್ರೋಲ್ ಮಾದರಿಯ 7 ಸ್ಪೀಡ್ ಡಿಸಿಟಿ ಒಣ ಬಗೆಯದು. 2022ರಲ್ಲಿ ಬಂದ ಟಾಟಾ ಅಲ್ಟ್ರೋಜ್ ಡಿಸಿಎ ವೆಟ್ ಕ್ಲಚ್ ಹೊಂದಿದೆ. ದಿನಾ ಜಾಮ್‌ನಲ್ಲೇ ಓಡಾಡುವವರು ಶೋರೂಮ್‌ನಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಪ್ಲೇಟ್ ಎಂದಲ್ಲ, ಡ್ರೈ ಕ್ಲಚ್ಚೋ ವೆಟ್ ಕ್ಲಚ್ಚೋ ಎಂದು.

ಎಎಂಟಿ ಕಾರುಗಳ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಜನಪ್ರಿಯವಾದ ಈ ವ್ಯವಸ್ಥೆಯಲ್ಲಿ ಇರುವುದು ಮ್ಯಾನುವಲ್ ಕಾರಿನ ಅದೇ ಸಿಂಗಲ್ ಪ್ಲೇಟ್ ಡ್ರೈ ಕ್ಲಚ್. ನಿಮ್ಮ ಕಾಲಿನ ಬದಲು ಯಂತ್ರ ಒತ್ತಿ ಬಿಡುತ್ತದೆ, ಅಷ್ಟೇ. 2020ರಲ್ಲಿ ಹುಂಡೈ ವೆನ್ಯೂ, ಕಿಯಾ ಸೋನೆಟ್‌ನಲ್ಲಿ ಬಂದ ಐಎಂಟಿಯೂ ಹಾಗೆಯೇ. ಪೆಡಲ್ ಮಾಯವಾಗಿದೆ, ಪ್ಲೇಟ್ ಅಲ್ಲೇ ಇದೆ.

ಶಾಖ ಎಷ್ಟು ಹುಟ್ಟುತ್ತದೆ?

ಜನರೊಂದಿಗೆ 1,200 ಕಿಲೋ ತೂಗುವ ಕಾರನ್ನು ಸಮತಟ್ಟಾದ ರಸ್ತೆಯಲ್ಲಿ ಎತ್ತುತ್ತೀರಿ. ಎಂಜಿನ್ 1,200 ಸುತ್ತಿನಲ್ಲಿದ್ದಾಗ ಕ್ಲಚ್ ಪೂರ್ತಿ ಹಿಡಿದರೆ ಫಸ್ಟ್ ಗೇರ್‌ನಲ್ಲಿ ಕಾರಿನ ವೇಗ ಗಂಟೆಗೆ ಸುಮಾರು 8.5 ಕಿ.ಮೀ. ಕಾರಿಗೆ ಸಿಕ್ಕ ಚಲನ ಶಕ್ತಿಯಷ್ಟೇ ಶಾಖ ಕ್ಲಚ್‌ನಲ್ಲಿ ಹುಟ್ಟುತ್ತದೆ, ಅಂದರೆ ಸುಮಾರು 3.5 ಕಿಲೋ ಜೂಲ್. ಅದೇ ಕಾರನ್ನು 2,400 ಸುತ್ತಿಗೆ ರೇಸ್ ಕೊಟ್ಟು ಎತ್ತಿದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸುಮಾರು 14 ಕಿಲೋ ಜೂಲ್!

ಏರಿನಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ನೂರು ಅಡಿಗೆ ಆರು ಅಡಿ ಏರುವ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಹಾಫ್ ಕ್ಲಚ್‌ನಲ್ಲೇ ಕಾರು ಹಿಂದೆ ಜಾರದಂತೆ ನಿಲ್ಲಿಸಿದ್ದೀರಿ ಎನ್ನಿ. ಲೆಕ್ಕ ಹಾಕಿದರೆ ಕ್ಲಚ್ ಒಳಗೆ ಸುಮಾರು 1.8 ಕಿಲೋವ್ಯಾಟ್ ಶಾಖ ನಿರಂತರ ಹುಟ್ಟುತ್ತಿರುತ್ತದೆ. ಮನೆಯ ಬಾತ್‌ರೂಮಿನ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಅಂದರೆ ನೀರಿಲ್ಲದ ಗೀಸರ್ ಒಂದನ್ನು ಕ್ಲಚ್ ಪೆಟ್ಟಿಗೆಯೊಳಗೆ ಆನ್ ಮಾಡಿ ಇಟ್ಟ ಹಾಗೆ. ಹತ್ತೇ ಸೆಕೆಂಡ್ ಹೀಗೆ ನಿಂತರೆ ಐದು ಸಲ ಸರಿಯಾಗಿ ಕಾರು ಎತ್ತಿದಷ್ಟು ಶಾಖ. ಗಾಯ್‌ಮುಖ್ ಘಾಟ್, ಮುಂಬ್ರಾ ಬೈಪಾಸ್, ಫ್ಲೈಓವರ್‌ಗಳ ಏರುಗಳಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದೇ ಲೈನಿಂಗ್‌ನದ್ದು.

ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ 40 ಸಾವಿರ ಕಿ.ಮೀ. ಮುಟ್ಟುವುದರೊಳಗೆ ಹೋಗಬಹುದು, ಇನ್ನೊಂದು ಲಕ್ಷ ದಾಟಬಹುದು. ನವಿ ಮುಂಬೈನ ಪಾಮ್ ಬೀಚ್ ರಸ್ತೆಯಲ್ಲಿ ವಾಶಿಯಿಂದ ಬೇಲಾಪುರದತ್ತ ಬೆಳಗ್ಗೆ ಬೇಗ ಹೋಗುವವರು ಬೆರಳೆಣಿಕೆಯಷ್ಟು ಸಲ ಕ್ಲಚ್ ಒತ್ತಿದರೆ ಸಾಕು. ಸಂಜೆ ಹೊತ್ತು ಶೀಳ್‌ಫಾಟಾದಿಂದ ಡೊಂಬಿವಲಿಗೆ ಬರುವವರು ಅದಕ್ಕಿಂತ ಕಡಿಮೆ ದೂರದಲ್ಲಿ ಲೆಕ್ಕವಿಲ್ಲದಷ್ಟು ಸಲ ಒತ್ತಬೇಕು. ಓಡೋಮೀಟರ್ ನೋಡಿ ಕ್ಲಚ್‌ನ ವಯಸ್ಸು ಹೇಳಲಾಗದು. ಎಷ್ಟು ಸಲ ಕಾರು ಎತ್ತಿದ್ದೀರಿ, ಹೇಗೆ ಎತ್ತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.

ಟ್ರಾಫಿಕ್‌ನಲ್ಲಿ ಏನು ಮಾಡಬೇಕು?

* ಮುಂದಿನ ಕಾರು ನಾಲ್ಕು ಅಡಿ ಸರಿದ ಕೂಡಲೇ ನೀವೂ ಸರಿಯಬೇಡಿ. ಸ್ವಲ್ಪ ಜಾಗ ಆಗಲು ಬಿಟ್ಟು, ಒಮ್ಮೆಗೇ ಫಸ್ಟ್ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಮುಂದೆ ಹೋಗಿ. ಮೂರು ಸಲ ಎತ್ತುವ ಕಡೆ ಒಂದೇ ಸಲ ಎತ್ತಿದಂತಾಗುತ್ತದೆ.
* ಏರಿನಲ್ಲಿ ಕಾರು ನಿಲ್ಲಿಸಲು ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಬಳಸಿ. ಹಿಲ್ ಹೋಲ್ಡ್ ಇರುವ ಕಾರುಗಳಲ್ಲಿ ಬ್ರೇಕ್ ಬಿಟ್ಟ ಮೇಲೆ ಸುಮಾರು ಎರಡು ಸೆಕೆಂಡ್ ಕಾರು ಜಾರದೆ ನಿಲ್ಲುತ್ತದೆ, ಹೊರಡಲು ಅಷ್ಟು ಸಾಕು.
* ಎಎಂಟಿ ಅಥವಾ ಡ್ರೈ ಡಿಸಿಟಿ ಕಾರನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಬೇಡಿ. ಪೆಡಲ್ ಕಾಣದಿದ್ದರೂ ಒಳಗೆ ಹಾಫ್ ಕ್ಲಚ್ ನಡೆಯುತ್ತಿರುತ್ತದೆ.
* ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ. ಓಡುವಾಗ ಎಡಗಾಲನ್ನು ಪೆಡಲ್ ಮೇಲೆ ವಿಶ್ರಾಂತಿಗೆ ಇಡಬೇಡಿ.
* ಬೈಕ್‌ಗೆ ಕಾರಿನ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿ ಜಾರುವಿಕೆ ಹೆಚ್ಚಿಸುವ ಅಂಶಗಳಿದ್ದರೆ ವೆಟ್ ಕ್ಲಚ್ ಹಿಡಿತ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂದಿರುವುದನ್ನು ನೋಡಿ ಕೊಳ್ಳಿ.
* ಮಳೆಗಾಲದಲ್ಲಿ ನೀರು ತುಂಬಿದ ರಸ್ತೆ ದಾಟಿದ ಮೇಲೆ ಕಾರನ್ನು ವಾರಗಟ್ಟಲೆ ನಿಲ್ಲಿಸಬೇಡಿ. ತೇವಕ್ಕೆ ತುಕ್ಕು ಹಿಡಿದು ಡ್ರೈ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಳ್ಳಬಹುದು.

ಊರಿಗೆ ಹೊರಡುವ ಮುನ್ನ ಈ ಪರೀಕ್ಷೆ ಮಾಡಿ

ರಜೆ ಬಂತೆಂದರೆ ಥಾಣೆ, ಡೊಂಬಿವಲಿಯ ಕನ್ನಡಿಗರ ಕಾರುಗಳು ಸಾಮಾನು, ಮಕ್ಕಳು, ಹಿರಿಯರನ್ನು ತುಂಬಿಕೊಂಡು ಊರ ದಾರಿ ಹಿಡಿಯುತ್ತವೆ. ಉಡುಪಿ, ಮಂಗಳೂರು ಕಡೆಯವರು ಪನ್ವೇಲ್‌ನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಬೆಳಗಾವಿ, ಹುಬ್ಬಳ್ಳಿ ಕಡೆಯವರು ಪುಣೆ, ಕೊಲ್ಹಾಪುರ ಮಾರ್ಗವಾಗಿ ಹೆದ್ದಾರಿ 48ರಲ್ಲಿ. ಎರಡೂ ದಾರಿಯಲ್ಲಿ ಘಾಟ್ ತಪ್ಪಿದ್ದಲ್ಲ. ಜಾಮ್‌ನಲ್ಲಿ ಅರ್ಧ ಸವೆದ ಕ್ಲಚ್ ಪೂರ್ತಿ ಕೈಕೊಡುವುದು ತುಂಬಿದ ಕಾರು ಏರು ಹತ್ತುವಾಗ. ಹಿಂದೆ ಲಾರಿ, ಪಕ್ಕದಲ್ಲಿ ಕಮರಿ ಇರುವ ಕಡೆ ಕಾರು ಎಳೆಯದೆ ನಿಂತರೆ ಅದು ಬರೀ ಖರ್ಚಿನ ವಿಷಯವಲ್ಲ.

ಮ್ಯಾನುವಲ್ ಕಾರಿಗೆ ಸುಲಭ ಪರೀಕ್ಷೆ ಹೀಗೆ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಂತೆ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬಲಗಾಲು ಬ್ರೇಕ್ ಮೇಲಿಟ್ಟು, ನಾಲ್ಕನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಒಮ್ಮೆ ಮಾಡಿದರೆ ಸಾಕು, ಮತ್ತೆ ಮತ್ತೆ ಬೇಡ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಅದೂ ಎಚ್ಚರಿಕೆ. ಪೆಡಲ್ ಒತ್ತಿದಾಗ ಮಾತ್ರ ಕರಕರ ಸದ್ದು ಬಂದರೆ ರಿಲೀಸ್ ಬೇರಿಂಗ್ ತೋರಿಸಿ.

ಬದಲಿಸುವ ಕಾಲ ಬಂದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ ಆಗಿ ಹಾಕಿಸುವುದು ಲಾಭ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದು ಬೇರಿಂಗ್‌ಗೂ ಅಷ್ಟೇ, ಪೂರ್ತಿ ಸೆಟ್‌ಗೂ ಅಷ್ಟೇ. ಫ್ಲೈವೀಲ್ ಮೇಲ್ಮೈ ಸುಟ್ಟು ನೀಲಿ ಕಲೆ ಬಿದ್ದಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಆಗಲೇ ನೋಡಲು ಹೇಳಿ.

ದಿನಬಳಕೆಯ ಕಾರಿಗೆ ಟ್ವಿನ್ ಪ್ಲೇಟ್ 'ರೇಸಿಂಗ್' ಕ್ಲಚ್ ಹಾಕಿಸಿದರೆ ಬಾಳಿಕೆ ಬರುತ್ತದೆ ಎಂಬ ಸಲಹೆ ಬಂದರೆ ದುಡ್ಡು ಉಳಿಸಿಕೊಳ್ಳಿ. ಎಂಜಿನ್ ಶಕ್ತಿ ಹೆಚ್ಚಿಸಿದ ಕಾರುಗಳಿಗಾಗಿ ಮಾಡಿದ ಅಂಥ ಕ್ಲಚ್ ಒಮ್ಮೆಲೇ ಗಬಕ್ಕನೆ ಹಿಡಿಯುತ್ತದೆ, ನಿಧಾನ ತೆವಳುವ ಟ್ರಾಫಿಕ್‌ಗೆ ಅದು ಹೇಳಿದ್ದಲ್ಲ. ಕಂಪನಿ ಕೊಟ್ಟ ಒಂದೇ ಪ್ಲೇಟ್ ನಿಮ್ಮ ಎಂಜಿನ್‌ಗೆ ಸಾಕು. ಅದನ್ನು ಅರ್ಧಕ್ಕೆ ಹಿಡಿದು ಕಾಯಿಸದಿದ್ದರೆ ಜಾಮ್‌ನಲ್ಲೂ ಅದು ಬಹುಕಾಲ ನಿಮ್ಮ ಜತೆ ಬರುತ್ತದೆ.